ನಂಬರಿನ ಮುಂದೆ ಒಂಬತ್ತು

ಗ್ಯಾಸ್ ಏಜೆನ್ಸಿಯ ಆಫೀಸಿನಲ್ಲಿ ಸ್ಪಂದನಳ ಮೇಜಿನ ಫೋನಿನಲ್ಲಿ ಕೆಂಪು ದೀಪ ಮಿನುಗುತ್ತಿತ್ತು, ಗೋಡೆ ಗಡಿಯಾರದಲ್ಲಿ ಹನ್ನೊಂದೂವರೆ, ಅಕ್ಕ ಕರೆ ಮಾಡುವ ಹೊತ್ತು ಕಳೆಯಿತು ಎಂದು ಹನುಮಂತಯ್ಯನವರು ಹಗುರಾಗಿದ್ದರಲ್ಲವೇ, ಹೌದು, ಹಗುರಾಗಿಯೇ ಇದ್ದರು, ಅಷ್ಟರಲ್ಲಿ ಆ ಹುಡುಗಿ ಫೋನು ಹಿಡಿದೇ ಎದ್ದು ನಿಂತಳು, ಸಾರ್, ನಿಮಗೇ, ಕುರುಬರಹಳ್ಳಿಯಿಂದ ಯಾರೋ ಶಾಂತವ್ವ ಅಂತೆ, ಅಳ್ತಾ ಇದಾರೆ ಸಾರ್. ಅಣ್ಣಾರ, ನಿಮ್ಮ ನರಸಮ್ಮಕ್ಕಾರು ಹೋಗಿಬಿಟ್ರರೀ, ಲಗೂನ ಬರ್ರಿ. ಅಕ್ಕನ ಪಕ್ಕದ ಮನೆಯವಳು ಶಾಂತವ್ವ, ಅವಳ ನಂಬರು ಪಟ್ಟಿಯಲ್ಲಿ ಇರಲಿಲ್ಲ, ಅದಕ್ಕೇ ಕರೆ ನೇರವಾಗಿ ಬಂತು — ಯಾರದೋ ಮನೆಯ ಫೋನಿಗೆ ಸಿಕ್ಕ ದಾರಿ ಒಡಹುಟ್ಟಿದವಳಿಗೆ ಸಿಗಲಿಲ್ಲ. ಅಕ್ಕನ ಮನೆಗೆ ಹೊರಟ ಆಟೊ ಹಾವನೂರು ಸರ್ಕಲ್ಲಿನಲ್ಲಿ ನಿಂತಿದೆ, ಮುಂದೆ ಸಿಲಿಂಡರ್ ತುಂಬಿದ ಲಾರಿ, ತಮ್ಮ ಏಜೆನ್ಸಿಯದೇ, ಬಿಸಿಲಿಗೆ ಕೆಂಪು ಬಣ್ಣ ಕಣ್ಣು ಚುಚ್ಚುತ್ತದೆ, ಆಫೀಸಿಗೆ ಆ ಕರೆ ಹಂಚುವ ಯಂತ್ರ ಬಂದು ಇನ್ನೂ ಹನ್ನೆರಡೇ ದಿನ. ಎರಡು ಕಾಲಮ್ಮಿನ ಪಟ್ಟಿ, ಎಡಗಡೆ ಗಿರಾಕಿಯ ಫೋನ್ ನಂಬರು, ಬಲಗಡೆ ಒಂದು ಅಂಕಿ, ಕರೆ ಬಂದ ಕೂಡಲೇ ಯಂತ್ರವೇ ಪಟ್ಟಿ ನೋಡಿ ಕಳಿಸುತ್ತದೆ, ಒಂದೆಂದರೆ ಬುಕಿಂಗ್, ಎರಡೆಂದರೆ ದೂರು, ಒಂಬತ್ತೆಂದರೆ ಯಾರ ಮೇಜಿಗೂ ಇಲ್ಲ, ಬರೀ ರೆಕಾರ್ಡಿಂಗು. ಕಂಪ್ಯೂಟರ್ ನೋಡಿಕೊಳ್ಳುವ ಗೌತಮ್ ಹೇಳಿದ್ದ, ಗಿರಾಕಿಗಳ ಜಾತಕ ಎಲ್ಲ ನಿಮ್ಮ ತಲೇಲಿದೆ ಸಾರ್, ಪಟ್ಟಿ ನೀವೇ ತುಂಬಿಬಿಡಿ, ಸುಮ್‌ಸುಮ್ನೆ ಕಾಲ್ ಮಾಡಿ ತಲೆ ತಿನ್ನೋರಿಗೆ ಮಾತ್ರ ಒಂಬತ್ತು ಹಾಕಿ. ಎರಡು ಸಾವಿರದ ಮುನ್ನೂರು ನಂಬರು ತುಂಬಿದರು, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಸಿಲಿಂಡರ್ ತಡವಾಗಬಾರದು ಎಂಬುದನ್ನೆಲ್ಲ ನೆನೆದು ನೆನೆದು ತುಂಬಿದರು, ಅಕ್ಕನ ನಂಬರು ಬಂದಾಗ ಸುತ್ತ ನೋಡಿದರು, ಯಾರೂ ನೋಡುತ್ತಿರಲಿಲ್ಲ, ಒಂಬತ್ತು ಹಾಕಿದರು. ಏತಕ್ಕೆ ಹಾಕಿದಿರಿ ಹನುಮಂತಯ್ಯ, ಹೇಳಿ, ದಿನಾ ಹನ್ನೊಂದಕ್ಕೆ ಅವಳು ಕರೆ ಮಾಡಿ ಹನ್ಮಾ, ಮಜ್ಜಿಗೆ ಕುಡಿದ್ಯೇನೋ ಎಂದು ಕೇಳುತ್ತಿದ್ದಳು, ಆಫೀಸಿನ ಹುಡುಗರು ಅದನ್ನೇ ಆಡಿಕೊಳ್ಳುತ್ತಿದ್ದರು, ಮಗಾ, ಸಾರ್‌ಗೆ ಮಜ್ಜಿಗೆ ಕಾಲ್ ಬಂತು ಕಣೋ — ಅಷ್ಟಕ್ಕೇ. ಅಮ್ಮ ಸತ್ತಾಗ ಆರು ವರ್ಷದ ತಮ್ಮನನ್ನು ಸೊಂಟಕ್ಕೇರಿಸಿಕೊಂಡವಳು, ಬಿನ್ನಿ ಮಿಲ್ಲಿನ ಗೇಟಿನ ಹತ್ತಿರ ಗಂಡನ ಬುತ್ತಿಯಲ್ಲಿ ಅರ್ಧ ತೆಗೆದು ತಮ್ಮನಿಗೆ ಕೊಟ್ಟವಳು, ಗಂಡ ಹೋದ ಮೇಲೆ ಒಂಟಿಯಾದಳೆಂದು ಆ ಕಪ್ಪು ಫೋನು ಹಾಕಿಸಿಕೊಟ್ಟವರು ಇವರೇ, ಏನಾದ್ರೂ ಆದ್ರೆ ಆಫೀಸಿಗೆ ಒಂದು ಫೋನ್ ಮಾಡಕ್ಕ, ಓಡಿ ಬರ್ತೀನಿ. ರೆಕಾರ್ಡಿಂಗಿನ ದನಿಯೂ ಇವರದೇ, ನಿಮ್ಮ ಕನ್ನಡ ರೇಡಿಯೋ ಥರ ಇದೆ ಸಾರ್ ಎಂದು ಗೌತಮ್ ಉಬ್ಬಿಸಿದ್ದ, ಉಬ್ಬಿದ್ದರು, ಗಂಟಲು ಸರಿಮಾಡಿಕೊಂಡು ಹೇಳಿದ್ದರು, ನಮಸ್ಕಾರ, ಈಗ ಬೇರೆ ಕರೆಯಲ್ಲಿದ್ದೇವೆ, ದಯವಿಟ್ಟು ಕಾಯಿರಿ. ಹೋದ ಭಾನುವಾರ ಅಕ್ಕ ರೊಟ್ಟಿ ತಟ್ಟುತ್ತಾ ನಕ್ಕಳು, ಏನೋ ಹನ್ಮಾ, ಫೋನಲ್ಲಿ ಭಾರೀ ಮರ್ಯಾದೆ ಕೊಡ್ತೀಯ, ಕಾಯಿರಿ ಅಂತೀಯ, ಆಮೇಲೆ ಬರೋದೇ ಇಲ್ಲ, ಅಷ್ಟೊಂದು ಕೆಲ್ಸಾನೇನೋ. ಅದು ನಾನಲ್ಲಕ್ಕ, ಯಂತ್ರ ಎನ್ನಬೇಕಿತ್ತು, ಬಾಯಿಗೆ ಬಂದಿತ್ತು, ತಟ್ಟೆ ನೋಡುತ್ತಾ ಹೂಂ ಅಕ್ಕ, ಕೆಲಸ ಜಾಸ್ತಿ ಎಂದರು. ಹೋಗ್ಲಿ ಬಿಡು, ಕಾಯ್ತೀನಿ, ನಂಗೇನು ಕೆಲ್ಸ ಎಂದಳು, ಇನ್ನೊಂದು ರೊಟ್ಟಿ ಹಾಕಿದಳು, ಅದನ್ನು ತಿಂದರು, ತುಪ್ಪ ಹಚ್ಚಿಸಿಕೊಂಡು ತಿಂದರು.

ಓಣಿಯಲ್ಲಿ ಚಪ್ಪಲಿಗಳ ರಾಶಿ, ನಡುಮನೆಯಲ್ಲಿ ಅಕ್ಕನನ್ನು ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದ್ದಾರೆ, ಬಾಯಿಗೆ ತುಳಸಿ ನೀರು ಬಿಡಲು ಪಕ್ಕದಲ್ಲಿ ಕೂರುತ್ತಾರೆ, ಶಾಂತವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳುತ್ತಿದ್ದಾಳೆ, ಹತ್ತೂವರೀಗೆ ಬಂದೆರಿ, ಮೈ ತುಂಬಾ ಬೆವರು, ಆಟೋ ತರ್ತೀನಿ ದವಾಖಾನಿಗೆ ಹೋಗೂಣು ಅಂದೆ, ಕೇಳವಲ್ರು, ತಡಿಯೇ ಶಾಂತವ್ವ, ನನ್ ತಮ್ಮ ಲೈನಲ್ಲಿದಾನೆ, ಕಾಯಿರಿ ಅಂದಿದಾನೆ, ಈಗ ಬರ್ತಾನೆ ಅಂದ್ರು, ಒಲಿ ಆರಿಸಿ ಬರೂದ್ರಾಗ ಹಿಂಗ ಕುಂತಾರ್ರೀ, ಕಣ್ಣು ತೆರದ ಇದ್ದೂ, ಉಡಿಯಾಗ ಫೋನಿತ್ತು, ಅದರಾಗ ನೀವು ಮಾತಾಡಾಕತ್ತಿದ್ರಿ, ನಾ ಅಣ್ಣಾರ ಅಣ್ಣಾರ ಅಂತ ಕೂಗಿದೆ, ನಿಮಗ ಕೇಳಸಲಿಲ್ಲೇನ್ರೀ? ಎಲ್ಲರೂ ಇವರ ಮುಖ ನೋಡುತ್ತಿದ್ದಾರೆ, ಅಕ್ಕನನ್ನು ಎಂಥಾ ಪ್ರೀತಿಯಿಂದ ನೋಡಿಕೊಂಡ ತಮ್ಮ ಎಂದು ಯಾರೋ ಹಿಂದಿನಿಂದ ಪಿಸುಗುಟ್ಟುತ್ತಾರೆ, ತುಳಸಿ ನೀರು ಕೆನ್ನೆಗೆ ಹರಿಯಿತು, ಅವಳು ನುಂಗಲಿಲ್ಲ, ಕಪ್ಪು ಫೋನು ಸ್ಟೂಲಿನ ಮೇಲೆ ತಣ್ಣಗೆ ಕುಳಿತಿದೆ, ಯಾರೋ ಎತ್ತಿ ಸರಿಯಾಗಿ ಇಟ್ಟಿದ್ದಾರೆ, ಆದರೂ ಮಡಿಲಲ್ಲೇ ಕಾಣುತ್ತದೆ, ಕಣ್ಣು ಮುಚ್ಚಿದರೂ ಮಡಿಲಲ್ಲಿ, ತೆರೆದರೂ ಮಡಿಲಲ್ಲಿ, ಅದರೊಳಗೆ ತಮ್ಮದೇ ದನಿ, ನಮಸ್ಕಾರ, ದಯವಿಟ್ಟು — ಮಡಿಲಲ್ಲಿ ಫೋನು — ದಯವಿಟ್ಟು — ಮಡಿಲಲ್ಲಿ ಫೋನು — ಸ್ವಾಮಿ ರಂಗನಾಥಾ, ನನ್ನಕ್ಕನ ಆತ್ಮಕ್ಕೆ ಶಾಂತಿ ಕೊಡು, ಅವಳು ಕರೆದರೆ ಓಗೊಡು ತಂದೆ, ನೀನಾದರೂ ಅವಳನ್ನು ಕಾಯಿಸಬೇಡ.