ಸಿಗಲಿಲ್ಲ ಎನ್ನದ ಸಾಹೇಬರು

ಪ್ರಾಣಿಗಳ ಆಸ್ಪತ್ರೆಯ ದಾಖಲೆ ಕೌಂಟರಿಗೆ ಹೊಸ ಮೇಲ್ವಿಚಾರಕರು ಬಂದ ಮೇಲೆ ಅಲ್ಲಿ ‘ಸಿಗಲಿಲ್ಲ’ ಎಂಬ ಮಾತೇ ಅಳಿಸಿಹೋಗಿತ್ತು. ಹಿಂದೆ ಇದ್ದ ಗುಮಾಸ್ತೆ ಪಾಪ, ಹುಡುಕಿ ಹುಡುಕಿ, ಕನ್ನಡಕ ಒರೆಸಿಕೊಂಡು, “ನಿಮ್ಮ ಹೆಸರು ಕಾಣ್ತಿಲ್ಲವಲ್ಲಪ್ಪ” ಎಂದು ಮುಖ ಸಣ್ಣಗೆ ಮಾಡುತ್ತಿದ್ದಳು. ಇವರು ಹಾಗಲ್ಲ. ಯಾರ ಹೆಸರು ಹೇಳಿದರೂ ಸರಿ, ಟಕಟಕ ಹೊಡೆದು ಎಂಟರ್ ಒತ್ತಿದರೆ ಪರದೆಯಲ್ಲಿ ಮೇಲುಗಡೆ ಯಜಮಾನರ ಹೆಸರು, ಕೆಳಗಡೆ ಅವರ ಪ್ರಾಣಿಗಳ ಪಟ್ಟಿ. ಮೇಲಧಿಕಾರಿಗಳು ಮೆಚ್ಚಿ, ಇವರ ತಲೆಯ ಮೇಲೆಯೇ ಗೋಡೆಗೆ ಒಂದು ಪ್ರಶಂಸಾಪತ್ರ ತೂಗುಹಾಕಿಸಿದ್ದರು.

ಹೊಲಿಗೆಯಮ್ಮ ಸಾಲಿನಲ್ಲಿ ನಿಂತು ಆ ಪತ್ರವನ್ನೇ ನೋಡುತ್ತಿದ್ದಳು. ಕೈಯಲ್ಲಿ ಮುಚ್ಚಳದ ಬುಟ್ಟಿ, ಅದರೊಳಗೆ ಹಾಸಿದ ಚೂರುಬಟ್ಟೆ. ಅವಳ ಬೆಕ್ಕಿಗೆ ಹೊಟ್ಟೆಯ ಆಪರೇಷನ್ ಆಗಿತ್ತು; ಇವತ್ತು ಬಿಡುಗಡೆ. ದಾರದ ಬಾಬಿನ್ ಕಂಡರೆ ಬಿಡದ ಬೆಕ್ಕು, ಅದಕ್ಕೇ ಅದರ ಹೆಸರೂ ಬಾಬಿನ್. ಮನೆಯಲ್ಲಿ ಗಂಡ ಕಾಲು ಮುರಿದುಕೊಂಡು ಮಲಗಿದ್ದ. ಮದುವೆಯಾದಾಗಿನಿಂದ ಹೆಂಡತಿಯನ್ನು ‘ಊಟ ಆಯ್ತಾ’ ಎಂದು ಕೇಳಿದ ಮನುಷ್ಯನಲ್ಲ. ಬೆಕ್ಕು ಆಸ್ಪತ್ರೆ ಸೇರಿದ ಮೇಲೆ ಮಾತ್ರ ‘ಅದು ಏನಾದರೂ ತಿಂತಂತಾ’ ಎಂದು ಅವಳ ಪ್ರಾಣ ತಿನ್ನುತ್ತಿದ್ದ. ಹೊರಡುವಾಗ ಹೇಳಿಯೂ ಇದ್ದ, “ಬರೀ ಬುಟ್ಟಿ ತಂದ್ರೆ ಬಾಗಿಲು ತೆಗೆಯಲ್ಲ ನೋಡು.” ಕಾಲು ಮುರಿದವನು ಬಾಗಿಲು ತೆಗೆಯುವುದು ಹೇಗೆ ಎಂದು ಅವಳು ಕೇಳಲಿಲ್ಲ. ಬೆಕ್ಕು ಅವಳಿಗೂ ಬೇಕಿತ್ತು. ಅವಳ ಮಾತನ್ನು ಕೊನೆಯವರೆಗೂ ಕೇಳುವ ಪ್ರಾಣಿ ಆ ಮನೆಯಲ್ಲಿ ಅದೊಂದೇ.

ಅವಳ ಮುಂದೆ ಒಬ್ಬ ಡ್ರೈವರ್ ನಿಂತಿದ್ದ. “ಜವಳಿ ಸಾಹುಕಾರರ ಮನೆಯಿಂದ ಸಾರ್. ನಾಯಿ ಕರ್ಕೊಂಡು ಬಾ ಅಂದಿದ್ದಾರೆ.”

ಮೇಲ್ವಿಚಾರಕರು ಪರದೆಯನ್ನು ಒಂದು ಪುಟ ಮುಂದಕ್ಕೆ ತಳ್ಳಿ, ಸಾಹುಕಾರರ ಹೆಸರು ಹೊಡೆದು ಎಂಟರ್ ಒತ್ತಿದರು. “ಸಿಕ್ತು. ಬೆಕ್ಕು ಒಂದು. ಹೆಣ್ಣು. ಎಡಗಣ್ಣಿಲ್ಲ. ಹೊಟ್ಟೆ ಆಪರೇಷನ್.”

“ಬೆಕ್ಕಾ? ನಾಯಿ ಅಂದಂಗಿತ್ತು.”

“ಅವರು ಅಂದಿದ್ದು ಬಾಯಲ್ಲಿ. ಇದು ದಾಖಲೆ.” ಬೆಕ್ಕಿನ ಸಾಲಿನ ಮುಂದೆ ‘ಯಜಮಾನರಿಗೆ ಒಪ್ಪಿಸಿದೆ’ ಎಂಬ ಚೌಕದಲ್ಲಿ ಗುರುತು ಬಿತ್ತು. “ಗುರುತು ಬಿದ್ದರೆ ಬೀಗ ಬಿದ್ದ ಹಾಗೆ. ಆಮೇಲೆ ನಾನೇ ಬೇಕು ಅಂದ್ರೂ ತೆಗೆಯೋಕಾಗಲ್ಲ. ಹಾಗೆ ಮಾಡಿಸಿಟ್ಟಿದ್ದೀನಿ.”

“ನಂಗೇನು ಸಾರ್, ಮೊನ್ನೆ ಕೆಲಸಕ್ಕೆ ಸೇರಿದೋನು ನಾನು. ಮೊಸಳೆ ಕೊಟ್ರೂ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗ್ತೀನಿ.”

ಆಯಾ ಒಳಗಿನಿಂದ ತಂತಿಯ ಪಂಜರ ತಂದು ಅವನ ಕೈಗೆ ಕೊಟ್ಟಳು. ಒಳಗಿದ್ದ ಒಂಟಿಕಣ್ಣು ಹೊಲಿಗೆಯಮ್ಮನನ್ನು ಕಂಡು, ಇಷ್ಟು ದಿನ ಎಲ್ಲಿ ಸತ್ತಿದ್ದೆ ಎನ್ನುವ ಹಾಗೆ ಕೂಗಿತು.

“ಸಾರ್, ಅದು ನನ್ನ ಬೆಕ್ಕು.”

“ಸರದಿಯಲ್ಲಿ ಮಾತಾಡಿ ಅಮ್ಮ.”

“ಈಗ ನನ್ನದೇ ಸರದಿ.”

ಡ್ರೈವರ್ ಪಕ್ಕಕ್ಕೆ ಸರಿದು ನಿಂತ. ರಸೀದಿಗೆ ಮೊಹರು ಒತ್ತುವವರು ಟೀಗೆ ಹೋಗಿದ್ದರು. ಅವರು ಬಂದು ಒತ್ತಿದರೆ ಬೆಕ್ಕು ಕಾರು ಹತ್ತುತ್ತಿತ್ತು. ಹೊಲಿಗೆಯಮ್ಮ ತನ್ನ ಹೆಸರು ಹೇಳಿ, ಕೌಂಟರಿನ ಮೇಲೆ ಬಾಗಿ ಪರದೆಯನ್ನೇ ನೋಡಿದಳು. ಮೇಲ್ವಿಚಾರಕರು ಮತ್ತೊಂದು ಪುಟ ತಳ್ಳಿದರು. ಯಾರದೋ ಹೆಸರು ಬಂತು, ಕೆಳಗೆ ಒಂದು ನಾಯಿ ಬಂತು. ಅವರು ಆ ಹೆಸರಿನ ಮೇಲೆಯೇ ಇವಳ ಹೆಸರು ಹೊಡೆದರು. ಅವರ ಹೆಸರು ಹೋಯಿತು, ಇವಳ ಹೆಸರು ಕೂತಿತು. ಕೆಳಗಿನ ನಾಯಿ ಮಾತ್ರ ಬಾಲ ಕೂಡ ಅಲ್ಲಾಡಿಸದೆ ಇದ್ದಲ್ಲೇ ಇತ್ತು.

“ಸಿಕ್ತು. ಗಂಡು ನಾಯಿ, ಕಪ್ಪು, ಬೇಟೆ ಜಾತಿ. ಆಯಾ, ನಾಯಿ ತಗೊಂಬಾ.”

“ನಾನು ನಾಯಿ ಸಾಕೇ ಇಲ್ಲ ಸಾರ್.”

“ಎಲ್ಲರೂ ಮೊದಲು ಹಾಗೇ ಅಂತಾರೆ. ವಯಸ್ಸಾದ ಮೇಲೆ ಮರೆವು ಸಹಜ. ಗಾಬರಿ ಬೇಡ, ಕಂಪ್ಯೂಟರ್ ಮರೆಯಲ್ಲ.”

ಆಯಾ ಬುಟ್ಟಿ ಹಿಡಿದುಕೊಳ್ಳುವ ನೆಪದಲ್ಲಿ ಹತ್ತಿರ ಬಂದಳು. “ಹೆಸರು ಹುಡುಕೋ ಜಾಗ ಬೇರೆ ಇದೆಯಮ್ಮ, ಪರದೆಯ ಆ ಮೂಲೆಯಲ್ಲಿ” ಎಂದು ಪಿಸುಗುಟ್ಟಿದಳು. “ಇವರು ಹೆಸರಿನ ಮೇಲೆ ಹೆಸರು ಹೊಡೀತಾರೆ. ಹೊಡೆದಾಗೆಲ್ಲ ಒಬ್ಬರ ಪ್ರಾಣಿ ಇನ್ನೊಬ್ಬರ ತಲೆಗೆ.”

“ಯಾರೂ ಹೇಳಲಿಲ್ವಾ?”

“ಹೇಳಿದ್ಳಲ್ಲ ಹಿಂದಿನ ಗುಮಾಸ್ತೆ. ಈಗ ಹುಲ್ಲಿನ ಗೋಡೌನಲ್ಲಿ ಚೀಲ ಎಣಿಸ್ತಾ ಕೂತಿದ್ದಾಳೆ. ನಾವು ಬುದ್ಧಿ ಕಲಿತ್ವಿ. ಇವರು ಇಲ್ಲಿ ಏನೇ ಹೊಡೀಲಿ, ಹಿಂದಿನ ಬಾಗಿಲಲ್ಲಿ ಅವರವರದ್ದು ಅವರವರಿಗೆ ಕೊಟ್ಟು ಕಳಿಸ್ತಿದ್ವಿ. ಇವತ್ತಿಂದ ಕೌಂಟರಲ್ಲೇ, ಇವರ ಕಣ್ಣೆದುರೇ ಕೊಡಬೇಕು ಅಂತ ಆರ್ಡರ್.”

ಪ್ರಶಂಸಾಪತ್ರ ಯಾವ ಬಾಗಿಲಿಗೆ ಸಿಗಬೇಕಿತ್ತು ಎಂದು ಹೊಲಿಗೆಯಮ್ಮನಿಗೆ ಈಗ ತಿಳಿಯಿತು. ಮೊಹರಿನವರು ವರಾಂಡದ ತುದಿಯಲ್ಲಿ ಬಾಯಿ ಒರೆಸಿಕೊಳ್ಳುತ್ತ ಬರುವುದೂ ಕಂಡಿತು. ಹೀಗಾಗಿದೆ ಎಂದು ಬಿಡಿಸಿ ಹೇಳಿದರೆ ಈ ಮನುಷ್ಯ ಕೇಳುವ ಪೈಕಿಯಲ್ಲ. ಗಂಡನ ಜೊತೆ ಬಾಳಿದ್ದರಿಂದ ಅವಳಿಗೆ ಈ ಪೈಕಿಯ ಪರಿಚಯ ಚೆನ್ನಾಗಿತ್ತು. ಇಂಥವರಿಗೆ ತಪ್ಪು ತೋರಿಸಬಾರದು. ಅವರ ಜಂಬಕ್ಕೆ ಒಂದಿಷ್ಟು ಕೀಲಿ ಕೊಡಬೇಕು.

“ಸಾರ್, ಯಾರ ಹೆಸರು ಹೊಡೆದ್ರೂ ಸಿಗತ್ತಂತೆ. ಹೌದಾ?”

“ನೋಡಿದ್ರಲ್ಲ.”

“ನಿಮ್ಮ ಹೆಸರು ಹೊಡೆದ್ರೆ?”

“ನಾನು ಯಾವ ಪ್ರಾಣಿಯನ್ನೂ ಸಾಕಿಲ್ಲ.”

“ಓ, ಹಾಗಾದ್ರೆ ‘ಸಿಗಲಿಲ್ಲ’ ಅಂತ ಬರತ್ತೆ ಬಿಡಿ” ಎಂದಳು ಅವಳು, ಸಾಲಿನ ತುದಿಗೂ ಕೇಳುವ ಹಾಗೆ.

ಆ ಮಾತು ಮೇಲ್ವಿಚಾರಕರ ಮೈಗೆ ಚೇಳು ಬಿಟ್ಟಂತಾಯಿತು. “ನನ್ನ ಕೈಯಲ್ಲಿ ಆ ಮಾತು ಬರಲ್ಲ ಅಮ್ಮ” ಎಂದು ಪುಟ ತಳ್ಳಿ, ತಮ್ಮ ಹೆಸರನ್ನು ಪದವಿಗಳ ಸಮೇತ ಹೊಡೆದು ಎಂಟರ್ ಒತ್ತಿದರು. ಸಿಕ್ಕಿತು. ಸಿಕ್ಕಿದ ಖುಷಿಗೆ, ದಿನವೆಲ್ಲ ಅದೇ ಮಾಡಿ ರೂಢಿಯಾಗಿದ್ದ ಬೆರಳು ಕೆಳಗಿನ ಸಾಲಿಗೂ ಗುರುತು ಹಾಕಿಬಿಟ್ಟಿತು. ಓದಿದ್ದು ಆಮೇಲೆ.

ಓದಿದವರು ಪರದೆಗೆ ಕೈ ಅಡ್ಡ ಹಿಡಿದರು. ಡ್ರೈವರ್ ಕತ್ತು ಚಾಚಿ ಅವರ ಪರವಾಗಿ ಓದಿದ. “ಕತ್ತೆ ಒಂದು. ಗಂಡು. ಬಲಗಿವಿ ಹರಿದಿದೆ. ಒದೆಯುತ್ತದೆ. ಯಜಮಾನರಿಗೆ ಒಪ್ಪಿಸಿದೆ.” ಆಮೇಲೆ ಬಹಳ ಗೌರವದಿಂದ ಕೇಳಿದ, “ಸಾರ್, ನಿಮ್ಮ ಮನೆಗೆ ಕಾರಲ್ಲಿ ಬಿಡ್ಲಾ?”

“ತರ್ತೀನಿ ಸಾರ್” ಎಂದಳು ಆಯಾ.

“ಏನು ತರ್ತೀಯ?”

“ಗುರುತು ಬಿತ್ತಲ್ಲ ಸಾರ್. ಕೌಂಟರಲ್ಲೇ, ನಿಮ್ಮ ಕಣ್ಣೆದುರೇ ಕೊಡಬೇಕು ಅಂದಿದ್ರಿ.” ಯಾರೂ ತಡೆಯದಿದ್ದುದರಿಂದ ಅವಳು ಹೋಗಿಯೇಬಿಟ್ಟಳು.

ಮೇಲ್ವಿಚಾರಕರು ಗುರುತು ತೆಗೆಯಲು ನೋಡಿದರು. ಅವರೇ ಮಾಡಿಸಿಟ್ಟ ಬೀಗ, ಅವರಿಗೂ ಮಣಿಯಲಿಲ್ಲ. ದಾಖಲೆ ಸರಿ ಎಂದರೆ ಕತ್ತೆ ಮನೆಗೆ ಬರುತ್ತದೆ. ದಾಖಲೆ ತಪ್ಪು ಎಂದರೆ ಬೆಕ್ಕು ಸಾಹುಕಾರರದಲ್ಲ, ನಾಯಿ ಈ ಹೆಂಗಸಿನದಲ್ಲ, ಗೋಡೆಯ ಪತ್ರವೂ ತನ್ನದಲ್ಲ. ಅವರ ಹಣೆಯ ಮೇಲೆ ಬೆವರು ಮೂಡುವುದನ್ನು ಹೊಲಿಗೆಯಮ್ಮ ಸಮಾಧಾನವಾಗಿ ನೋಡುತ್ತ ನಿಂತಳು. ಅಷ್ಟರಲ್ಲಿ ಮೊಹರಿನವರು ಬಂದು ಕುರ್ಚಿ ಎಳೆದುಕೊಂಡರು.

“ಒತ್ಲಾ ಸಾರ್, ಬೆಕ್ಕಿನ ರಸೀದಿಗೆ?”

“ಬೇಡ.” ಮೇಲ್ವಿಚಾರಕರು ಕೆಮ್ಮಿದರು. “ಈ ಆಯಾ ಪಂಜರ ಅದಲುಬದಲು ಮಾಡಿದ್ದಾಳೆ ಅನ್ಸತ್ತೆ. ಓದು ಬರಹ ಇಲ್ಲದವರನ್ನ ಇಟ್ಕೊಂಡ್ರೆ ಇದೇ ಗತಿ. ಬೆಕ್ಕು ಆ ಅಮ್ಮನಿಗೆ ಕೊಡಪ್ಪ. ನಿಮ್ಮ ಸಾಹುಕಾರರ ನಾಯಿ ಹಿಂದಿನ ಬಾಗಿಲಲ್ಲಿ ಸಿಗತ್ತೆ.”

ತಪ್ಪು ಆಯಾಳ ತಲೆಗೆ ಹೋದದ್ದು ಹೊಲಿಗೆಯಮ್ಮನಿಗೆ ಚುಚ್ಚಿತು. ಎರಡು ಮಾತು ಆಡೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲಲ್ಲಿ ಆಯಾಳೇ ಕಾಣಿಸಿಕೊಂಡಳು, ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕತ್ತೆ. ಬೈಗುಳ ಅವಳಿಗೆ ಕೇಳಿಸಿತ್ತು. ಮುಖದಲ್ಲಿ ಅದರ ಲೆಕ್ಕವೇ ಇರಲಿಲ್ಲ. ಕಣ್ಣಿನಲ್ಲೇ, ನೀನು ಹೋಗು, ಇದು ನನಗಿರಲಿ ಎಂದಳು. ಹೋಗಿ ಹಗ್ಗವನ್ನು ಮೇಲ್ವಿಚಾರಕರ ಕುರ್ಚಿಯ ಕೈಗೆ ಕಟ್ಟಿ, “ಒಪ್ಪಿಸಿದ್ದೀನಿ ಸಾರ್” ಎಂದಳು.

ಬಾಬಿನ್ ಪಂಜರದಿಂದ ಬುಟ್ಟಿಗೆ ಇಳಿದು, ಚೂರುಬಟ್ಟೆಯನ್ನು ಮೂಸಿ, ಬೆನ್ನು ತಿರುಗಿಸಿ ಕೂತಿತು. ಕ್ಷಮಿಸುವುದು ಮನೆಗೆ ಹೋದ ಮೇಲೆ ಎಂದು ಅದರ ಅರ್ಥ. ಹೊಲಿಗೆಯಮ್ಮ ಮುಚ್ಚಳ ಬಿಗಿದು, ಬುಟ್ಟಿಯನ್ನು ಎದೆಗವಚಿಕೊಂಡು ಹೊರಟಳು. ಮೆಟ್ಟಿಲಿಳಿಯುವಾಗ ಹಿಂದಿನಿಂದ ಮೇಲ್ವಿಚಾರಕರ ದನಿ, ಮೊದಲಿನಷ್ಟೇ ಗಟ್ಟಿಯಾಗಿ ಕೇಳಿಸಿತು: “ಮುಂದಿನವರು, ಹೆಸರು ಹೇಳಿ.”

ಸಾಲು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು.

“ಹೆಸರು ಹೇಳ್ರೀ.”

“ನಾವು ಕಾಯ್ತೀವಿ ಸ್ವಾಮಿ” ಎಂದರು ಯಾರೋ ಹಿಂದಿನಿಂದ. “ನೀವು ಮೊದಲು ನಿಮ್ಮ ಕತ್ತೆ ಮನೆಗೆ ಬಿಟ್ಟು ಬನ್ನಿ.”