ಗುರುವಾರ ಹನ್ನೊಂದು ಗಂಟೆ

ಗೇಟಿನ ಚಿಲಕ ತೆಗೆದು, ಮಗುವನ್ನು ಎದೆಗೊತ್ತಿಕೊಂಡು ಒಳಗೆ ಕಾಲಿಟ್ಟ ಅರ್ಫಾ ಅಲ್ಲೇ ನಿಂತುಬಿಟ್ಟಳು. ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ಹಂಡೆಯಿಟ್ಟು, ಹಿಪ್ಪುನೇರಳೆ ಕಡ್ಡಿಯ ಬೆಂಕಿ ಹಾಕಿದ್ದರು. ಅದರಾಚೆ ಜಗಲಿಯ ಚಾಪೆಯ ಮೇಲೆ ಯಶೋದಮ್ಮ ಮಲಗಿದ್ದರು. ಮೂಗಿಗೆ ಹತ್ತಿ ಇಟ್ಟಿತ್ತು.

ಗಂಟೆ ಹನ್ನೊಂದಕ್ಕೆ ಐದು ನಿಮಿಷ. ಪ್ರತಿ ಗುರುವಾರ ಹನ್ನೊಂದು ಗಂಟೆ ಅರ್ಫಾಳದು.

“ಯಾರಮ್ಮ ನೀನು?” ಬೆಂಕಿಯ ಮುಂದೆ ಕೂತಿದ್ದ ಆಂಜಿನಮ್ಮ ಕೇಳಿದಳು. ಅವಳು ಯಶೋದಮ್ಮನ ತಮ್ಮ ಪಿಳ್ಳಪ್ಪನ ಹೆಂಡತಿ. ನಿನ್ನೆ ಸಂಜೆ ಎದೆನೋವು ಬಂದು ನಾದಿನಿ ಹೋದಳೆಂದು ಸುದ್ದಿ ಸಿಕ್ಕಿ, ಬೆಳಿಗ್ಗೆ ಸಾದಲಿಯಿಂದ ಶಿಡ್ಲಘಟ್ಟಕ್ಕೆ ಬಂದಿದ್ದಳು.

“ಪರಿಚಯ,” ಎಂದಳು ಅರ್ಫಾ.

ಗೋಡೆಗೊರಗಿ ನಿಂತಿದ್ದ ದಾಯಾದಿ ಕೆಂಪರಾಜು ಮೂಗಿನಲ್ಲೇ ನಕ್ಕ. “ಬೆಳಗ್ಗೆಯಿಂದ ಇದು ಹತ್ತನೇ ಪರಿಚಯ ಕಣತ್ತಿಗೆ. ಅಲ್ನೋಡು, ರಸ್ತೆ ಆಚೆ.”

ರಸ್ತೆಯಾಚೆ ಏಳೆಂಟು ಜನ ನಿಂತಿದ್ದರು. ಸ್ಕೂಟರಿನ ಮೇಲೊಬ್ಬ ಗಂಡಸು, ಸ್ಕೂಲ್ ಟೀಚರಿನಂತಿದ್ದ ಹೆಂಗಸು, ಮಫ್ಲರ್ ಸುತ್ತಿಕೊಂಡ ಮುದುಕ. ಯಾರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಾಗದಂತೆ ಯಶೋದಮ್ಮ ಹೊತ್ತು ಹಂಚಿ ಕರೆಯುತ್ತಿದ್ದರು. ಪೇಟೆಯಲ್ಲಿ ಸಿಕ್ಕರೆ ನಾನಾಗಿ ಮಾತಾಡಿಸುವುದಿಲ್ಲ, ನೀವು ಮಾತಾಡಿಸಿದರೆ ಮಾತಾಡುತ್ತೇನೆ ಎಂದು ಮೊದಲ ದಿನವೇ ಹೇಳಿಬಿಡುತ್ತಿದ್ದರು.

“ಅಕ್ಕ ಏನು ಕೆಲಸ ಮಾಡ್ತಿದ್ಲೋ ನಂಗೆ ಇವತ್ತಿಗೂ ಅರ್ಥ ಆಗಿಲ್ಲ,” ಎಂದ ಕೆಂಪರಾಜು. “ಮಾತ್ರೆ ಕೊಡಲ್ಲ, ಸೂಜಿ ಹಾಕಲ್ಲ. ಕೂತ್ಕೊಂಡು ಕೇಳೋಕೆ ಎರಡು ಡಿಗ್ರಿ ಬೇಕಾ?”

“ಸುಮ್ನಿರಪ್ಪ,” ಎಂದ ಪಿಳ್ಳಪ್ಪ.

*

ಮೊದಲ ಮೂರು ವಾರ ಅರ್ಫಾ ಬಾಯಿ ಬಿಟ್ಟಿರಲಿಲ್ಲ. ಲಸಿಕೆ ಹಾಕುವ ನರ್ಸಮ್ಮ ವಿಳಾಸ ಬರೆದುಕೊಟ್ಟಿದ್ದಳು. ಮಗುವಿನ ತೂಕ ನೋಡಿಸಬೇಕೆಂದು ಮನೆಯಲ್ಲಿ ಸುಳ್ಳು ಹೇಳಿ ಬರುತ್ತಿದ್ದಳು. ಯಶೋದಮ್ಮ ಎದುರಿಗೆ ಕೂರದೆ ಪಕ್ಕದಲ್ಲಿ ಕುರ್ಚಿ ಹಾಕಿಕೊಳ್ಳುತ್ತಿದ್ದರು. ಏನನ್ನೂ ಕೆದಕುತ್ತಿರಲಿಲ್ಲ. ನಾಲ್ಕನೇ ವಾರ, ನಾನು ಹೀಗೆ ಸುಮ್ಮನೆ ಕೂತರೆ ನಿಮಗೆ ಬೇಜಾರಾಗುವುದಿಲ್ಲವೇ ಎಂದು ಅರ್ಫಾಳೇ ಕೇಳಿದಳು.

ಆಗ ಅವರು ತಮ್ಮ ಕತೆ ಹೇಳಿದರು. ಸಾದಲಿಯ ಮನೆಯಲ್ಲಿ ರೇಷ್ಮೆಹುಳದ ತಟ್ಟೆಗಳ ನಡುವೆಯೇ ಬೆಳೆದವರು. ಪೊರೆ ಬಿಡುವ ಮೊದಲು ಹುಳ ಸೊಪ್ಪು ತಿನ್ನುವುದಿಲ್ಲ, ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಎಂಟು ವರ್ಷದ ಯಶೋದ ಅವಕ್ಕೆ ಹಸಿವಾಗಿದೆಯೆಂದು ಮೇಲೆ ಮೇಲೆ ಸೊಪ್ಪು ಸುರಿದು, ಅಲುಗಾಡಿಸಿ, ಒಂದಿಡೀ ಬೆಳೆ ಹಾಳು ಮಾಡಿದ್ದಳು. ಅಪ್ಪ ಹೊಡೆಯಲಿಲ್ಲ. ಪಕ್ಕ ಕೂರಿಸಿಕೊಂಡು ಕಾಯುವುದನ್ನು ಕಲಿಸಿದ. ದೊಡ್ಡವಳಾಗಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ನರ್ಸಾಗಿದ್ದಾಗಲೂ ಅದೇ ಕಾಣಿಸಿತಂತೆ. ರೋಗಿಯ ಸುತ್ತ ನಿಂತವರೆಲ್ಲ ಬುದ್ಧಿಮಾತು ಸುರಿಯುವವರೇ. ಆಮೇಲೆ ಆಪ್ತಸಮಾಲೋಚನೆಯಲ್ಲಿ ಇನ್ನೊಂದು ಡಿಗ್ರಿ ಓದಿ, ಊರ ಕಡೆ ಬಂದು ಈ ಕೋಣೆ ತೆರೆದಿದ್ದರು.

ಅವತ್ತು ಅರ್ಫಾ ಹೇಳಿದಳು. ಗಂಡ ಉಮೇರ್ ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಾನೆ. ಹೆರಿಗೆಯಾದಾಗಿನಿಂದ ಆ ಕುದಿನೀರು ಕಂಡರೆ ಸಾಕು, ತನ್ನದೇ ಎರಡು ಕೈ ಮಗುವನ್ನು ಅದರೊಳಗೆ ಹಾಕುವುದು ಕಣ್ಣಿಗೆ ಕಟ್ಟುತ್ತದೆ. ಶೆಡ್ಡಿಗೆ ಹೋಗುವುದು ಬಿಟ್ಟಳು. ಅತ್ತೆ ಮೆಹಬೂಬ್ ಬೀ ಮೊದಲು ಸೋಮಾರಿ ಅಂದರು, ಆಮೇಲೆ ಮುರುಗಮಲ್ಲದ ದರ್ಗಾಕ್ಕೆ ಕರೆದೊಯ್ದು ದಾರ ಕಟ್ಟಿಸಿದರು. ಅಲ್ಲೂ ಅವಳಿಗೆ ಇದನ್ನು ಹೇಳಲಾಗಲಿಲ್ಲ. ಗೊತ್ತಾದರೆ ಮಗುವನ್ನು ಕಿತ್ತುಕೊಂಡು ತನ್ನನ್ನು ಅಲೀಪುರದ ತವರಿಗೆ ಕಳಿಸುತ್ತಾರೆ.

ಯಶೋದಮ್ಮ ಬೆಚ್ಚಲಿಲ್ಲ. ಅವಳ ಮಡಿಲಿನಿಂದ ಮಗುವನ್ನು ತೆಗೆದುಕೊಳ್ಳಲೂ ಇಲ್ಲ.

“ಹೆತ್ತವರು ಎಷ್ಟೋ ಜನಕ್ಕೆ ಇಂಥದ್ದು ಬರುತ್ತಮ್ಮ, ಯಾರೂ ಹೇಳ್ಕೊಳ್ಳಲ್ಲ. ನಿಂಗೆ ಇರೋದು ಭಯ, ಆಸೆ ಅಲ್ಲ. ಆ ಭಯದ ಹತ್ರಕ್ಕೆ ನಿಧಾನವಾಗಿ ಹೋಗಣ, ನಾನಿರ್ತೀನಿ.”

ಹೋದ ವಾರ ಮೇಜಿನ ಮೇಲೆ ಒಂದು ಲೋಟ ಬಿಸಿನೀರಿಟ್ಟಿದ್ದರು. ಅದರ ಪಕ್ಕ ಅರ್ಫಾ ಮಗುವನ್ನೆತ್ತಿಕೊಂಡು ಹತ್ತು ನಿಮಿಷ ಕೂತಿದ್ದಳು. ಬೆವರಿ ಒದ್ದೆಯಾದರೂ ಕೂತಿದ್ದಳು. ಮುಂದಿನ ಗುರುವಾರ ಒಂದು ಪಾತ್ರೆ, ಎಂದಿದ್ದರು ಯಶೋದಮ್ಮ.

*

“ಬಾಮ್ಮ ಈ ಕಡೆ,” ಆಂಜಿನಮ್ಮ ಎದ್ದಳು. “ಹಂಡೆ ನೋಡ್ಕೊಂಡಿರು. ಮೈ ತೊಳೀಬೇಕು, ನಾನು ಸೀರೆ ತರ್ತೀನಿ.”

ಅರ್ಫಾ ಬೇಡವೆನ್ನುವಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು. ಗಂಡಸರು ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದರು. ನೀರು ಕೊತಕೊತ ಕುದಿಯುತ್ತಿತ್ತು. ಹಬೆ ಮಗುವಿನ ಕುಲಾವಿಗೆ ತಾಗಿತು. ಪಕ್ಕದಲ್ಲಿ ಕುರ್ಚಿ ಇರಲಿಲ್ಲ. ತನ್ನ ಬೆರಳು ಸಡಿಲವಾದಂತೆ ಅನಿಸಿ ಅರ್ಫಾ ಹಿಂದೆ ಹಿಂದೆ ಸರಿದಳು. ಬೆನ್ನು ಕಾಂಪೌಂಡಿಗೆ ಬಡಿಯಿತು.

ಸೀರೆ ಹಿಡಿದು ಬಂದ ಆಂಜಿನಮ್ಮನಿಗೆ, “ಅಮ್ಮ, ಮಗೂನ ತಗೊಳ್ಳಿ,” ಎಂದಳು.

“ಇರಮ್ಮ, ನಂದೇ ನಂಗಾಗಿದೆ.”

“ತಗೊಳ್ಳಿ. ನಾನು ನೀರಿಗೆ ಹಾಕ್ಬಿಡ್ತೀನಿ.”

ಆಂಜಿನಮ್ಮ ಒಂದು ಕ್ಷಣ ಅವಳನ್ನೇ ನೋಡಿದಳು. ಸೀರೆ ಕೈಜಾರಿ ಬಿತ್ತು. ಮಗುವನ್ನು ಕಸಿದುಕೊಂಡು ಅಂಗಳದ ಆ ತುದಿಗೆ ಹೋಗಿ ನಿಂತಳು. ಯಾರಿಗೂ ಏನೂ ಹೇಳಲಿಲ್ಲ. ಮೈ ತೊಳೆಯಲು ಕರೆದರೂ ಹೋಗಲಿಲ್ಲ. ನೀರು ಹದ ಮಾಡಿ ಬೇರೆ ಹೆಂಗಸರು ಹೊಯ್ದರು.

ಚಟ್ಟ ಎತ್ತುವಾಗ ಪಿಳ್ಳಪ್ಪ ಕೆಂಪರಾಜುವಿಗೆ, “ಮೆಲ್ಲಗಾ ಪಟ್ಟುಕೋರಾ, ಮೆಲ್ಲಗೆ ಹಿಡ್ಕೊ, ಅಕ್ಕಂಗೆ ನೋವಾಗುತ್ತೆ,” ಎಂದು, ಆಡಿದ ಮಾತು ಕಿವಿಗೆ ಬಿದ್ದ ಮೇಲೆ ಅತ್ತ. ಸಾದಲಿಯ ತೋಟದಲ್ಲಿ ಮಣ್ಣು ಮಾಡಲು ಹೊರಟ ಟೆಂಪೊ ತಿರುವಿನಲ್ಲಿ ಮರೆಯಾಯಿತು. ರಸ್ತೆಯಾಚೆಯ ಜನ ಒಬ್ಬೊಬ್ಬರಾಗಿ ಬೇರೆ ಬೇರೆ ದಿಕ್ಕಿಗೆ ನಡೆದರು.

ಅರ್ಫಾ ಜಗಲಿಯ ಮೆಟ್ಟಿಲ ಮೇಲೆ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು. ಆಂಜಿನಮ್ಮ ಮಗುವನ್ನೆತ್ತಿಕೊಂಡೇ ಬಂದು ಒಂದು ಮಾರು ದೂರ ನಿಂತಳು.

“ನಮ್ ನಾದಿನಿಗೆ ಹೇಳಿದ್ಯಾ ಇದನ್ನ?”

ಅರ್ಫಾ ಹೌದೆಂದು ತಲೆಯಾಡಿಸಿದಳು.

“ಮನೇಲಿ?”

“ಇಲ್ಲ. ಅವರೊಬ್ಬರಿಗೇ ಗೊತ್ತಿದ್ದಿದ್ದು.”

“ನಂಗೆ ಅವಳ ಥರ ಮಾತಾಡಕ್ಕೆ ಬರಲ್ಲಮ್ಮ.”

ಮಗು ಹಸಿದು ಕಿರುಚತೊಡಗಿತು. ಅರ್ಫಾಳ ಎದೆಯ ಬಳಿ ಬಟ್ಟೆ ಒದ್ದೆಯಾಯಿತು. ಕೈ ಮಾತ್ರ ಹೊರಗೆ ಬರಲಿಲ್ಲ.

ಹೆಣ ಹೋದ ಮನೆ ತೊಳೆಯಬೇಕು. ಒಳಗಿನಿಂದ ಹೆಂಗಸರು ಆಂಜಿನಮ್ಮನನ್ನು ಎರಡು ಸಲ ಕೂಗಿದರು. ಅವಳು ಓಗೊಡಲಿಲ್ಲ. ಮೆಟ್ಟಿಲ ಮೇಲೆ ಅರ್ಫಾಳ ಪಕ್ಕ ಕೂತು, ಅವಳ ಬುರ್ಖಾದ ಗುಂಡಿ ಬಿಚ್ಚಿ, ಮಗುವನ್ನು ಎದೆಗೆ ಹಿಡಿದಳು. ಮಗು ಕಚ್ಚಿಕೊಂಡಿತು. ಒಳಗಿನಿಂದ ಬಕೆಟ್ಟುಗಟ್ಟಲೆ ಸುರಿದ ನೀರು ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಇಬ್ಬರ ಸೀರೆ ಬುರ್ಖಾಗಳ ಅಂಚು ತೋಯಿಸುತ್ತ ಅಂಗಳಕ್ಕೆ ಹರಿಯಿತು. ಆಂಜಿನಮ್ಮ ಏಳಲಿಲ್ಲ, ಮಗುವಿನ ತಲೆಯಡಿಯಿಂದ ಕೈ ತೆಗೆಯಲೂ ಇಲ್ಲ. ಅರ್ಫಾಳ ಕೈಗಳು ಇನ್ನೂ ತೊಡೆಯ ಕೆಳಗೇ ಇದ್ದವು.