ಕೀವು ಕಂಡ ದಿನ

ಅಮ್ಮ ಫೋನಿನಲ್ಲಿ ಅಳುತ್ತಿದ್ದಳು. "ಅಕ್ಕನ ತೋಳಿನ ಹುಣ್ಣಲ್ಲಿ ಕೀವಾಗಿದೆ ಕಣೋ! ಇನ್ನೇನು ಗತಿ?"

ಅಕ್ಕ ಮಲಗಿದ್ದ ಆಸ್ಪತ್ರೆಯ ಪ್ರಯೋಗಾಲಯದಲ್ಲೇ ರಕ್ತ ಪರೀಕ್ಷಿಸುವ ಕೆಲಸದಲ್ಲಿದ್ದ ಅವಳ ತಮ್ಮ, ಕುರ್ಚಿಯಿಂದ ಧಡಕ್ಕನೆ ಎದ್ದ. "ಕೀವಾ? ನಿಜವಾಗ್ಲೂ ಕೀವಾ ಅಮ್ಮ?" ದನಿಯಲ್ಲಿದ್ದ ಹಿಗ್ಗು ಕೇಳಿ ಅಮ್ಮನಿಗೆ ಮೈಯೆಲ್ಲ ಉರಿಯಿತು. "ನಿಂಗೇನು ತಲೆ ಕೆಟ್ಟಿದ್ಯಾ?" ಎಂದು ಫೋನಿಟ್ಟಳು.

ಪಾಪ, ಅವಳಿಗೇನು ಗೊತ್ತು! ಅಕ್ಕನ ರಕ್ತದ ಕ್ಯಾನ್ಸರಿಗೆ ಕೊಟ್ಟ ಔಷಧ, ಒಳ್ಳೆಯ ಕಣ ಕೆಟ್ಟ ಕಣ ಎನ್ನದೆ ಎಲ್ಲವನ್ನೂ ಗುಡಿಸಿ ಗುಂಡಾಂತರ ಮಾಡಿತ್ತು. ಆಮೇಲೆ ತಮ್ಮನ ಮೂಳೆಯ ಮಜ್ಜೆ ತೆಗೆದು ಅವಳ ರಕ್ತಕ್ಕೆ ಹರಿಸಿದ್ದರು. ಅದು ಅಲ್ಲಿ ಬೇರು ಬಿಟ್ಟು ಹೊಸ ಬಿಳಿ ರಕ್ತಕಣಗಳನ್ನು ಹುಟ್ಟಿಸಬೇಕು; ಅಷ್ಟರೊಳಗೆ ಸೋಂಕು ಗೆದ್ದರೆ ಅಕ್ಕ ಉಳಿಯುವುದಿಲ್ಲ. ತೋಳಿಗೆ ಸೂಜಿ ಚುಚ್ಚಿದ ಜಾಗ ಹುಣ್ಣಾಗಿ ಕೆಂಪಗೆ ಸುಡುತ್ತಿದ್ದರೂ ಇಷ್ಟು ದಿನ ಅಲ್ಲಿ ಕೀವಿನ ಸುಳಿವಿರಲಿಲ್ಲ. ಕೀವೆಂದರೆ ಹೋರಾಡಿ ಸತ್ತ ಬಿಳಿ ಕಣಗಳ ರಾಶಿ. ಕಾಯುವವರೇ ಇಲ್ಲದ ಮೈಯಲ್ಲಿ ಅದು ಎಲ್ಲಿಂದ ಬರಬೇಕು?

ಮನೆಯವರ ಪರೀಕ್ಷೆಯನ್ನು ಮನೆಯವರೇ ಮಾಡಬಾರದೆಂಬುದು ಪ್ರಯೋಗಾಲಯದ ಕಟ್ಟಳೆ. ಹಿರಿಯ ಮೇಡಂ ಕೀವನ್ನು ಗಾಜಿಗೆ ಬಳಿದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವಷ್ಟೂ ಹೊತ್ತು ಅವನು ಮರಿ ಹಾಕಿದ ಬೆಕ್ಕಿನಂತೆ ಸುತ್ತಿದ. ಕೊನೆಗೆ ಅವರೇ ಎದ್ದರು. "ಬಾರಪ್ಪ, ಕಣ್ತುಂಬ ನೋಡ್ಕೋ."

ಗುಲಾಬಿ ಬಣ್ಣದ ಕಣಗಳು. ಅವುಗಳ ಹೊಟ್ಟೆಯಲ್ಲಿ ನೇರಳೆ ಚುಕ್ಕಿಗಳಾಗಿ ರೋಗಾಣುಗಳು. ನುಂಗಿದ್ದನ್ನು ಉಗುಳದೆ, ಹಿಡಿದುಕೊಂಡೇ ಸತ್ತಿದ್ದವು. ಬೀಜ ಅವನದು, ಹುಟ್ಟಿದ್ದು ಅಕ್ಕನ ಮೂಳೆಯೊಳಗೆ. ಕಣ್ಣಿಲ್ಲ, ಕಿವಿಯಿಲ್ಲ. ಆದರೂ ವಾಸನೆಯಂಥದ್ದೇನನ್ನೋ ಹಿಡಿದು, ರಕ್ತನಾಳದ ಗೋಡೆಯ ಸಂದಿಯಲ್ಲಿ ನುಸುಳಿ, ಹುಣ್ಣಿರುವ ಜಾಗಕ್ಕೇ ಬಂದಿದ್ದವು. ಇದನ್ನೆಲ್ಲ ಬಾಯಿಪಾಠ ಮಾಡಿ ಪಾಸಾಗಿದ್ದ ಭೂಪ ಅವನು. ಈಗ ಅದರ ಮುಂದೆ ಕೈಮುಗಿಯಬೇಕೆನ್ನಿಸಿತು.

ಮೆಟ್ಟಿಲು ಹಾರಿ ಮೇಲಕ್ಕೋಡಿ, ಅಕ್ಕನ ಕೋಣೆಯ ಗಾಜಿಗೆ ಮುಖ ಒತ್ತಿ ಫೋನ್ ಮಾಡಿದ. "ಅಕ್ಕಾ, ನನ್ನ ಕಣಗಳು ಹುಟ್ಕೊಂಡಿವೆ! ಯಾರೂ ಹೇಳ್ಕೊಡದೆ ರೋಗಾಣುಗಳನ್ನ ಗಬಗಬ ತಿಂದಿವೆ!"

"ನಿನ್ನವಲ್ವಾ? ತಿನ್ನೋದನ್ನ ಬೇರೆ ಹೇಳ್ಕೊಡ್ಬೇಕಾ?" ಎಂದಳು ಅಕ್ಕ.

ಅವನು ನಕ್ಕ, ನಗುನಗುತ್ತಲೇ ಅಳು ಒತ್ತರಿಸಿ ಬಂತು. ಗಾಜಿನಾಚೆ ಅಕ್ಕ ತೋಳಿನ ಪಟ್ಟಿಯ ಮೇಲೆ ಹಗುರವಾಗಿ ಕೈಯಿಟ್ಟು, ಬಾಗಿ, ಪಿಸುಗುಟ್ಟಿದಳು.

"ತಿನ್ರೋ ಮಕ್ಳಾ. ಹೊಟ್ಟೆ ತುಂಬ ತಿನ್ನಿ."